ಸಸ್ಯಗಳ ಅಮೂರ್ತ ಛಾಯಾಚಿತ್ರ: ನಮ್ಮ ಸೀಮೆಯ ಶಾಲೆಗಳಿಗೆ ಒಂದು ಪ್ರಯೋಗ

ಛಾಯಾಚಿತ್ರವೆಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಅದರ ಅರ್ಥದ ಕಡೆಗೆ ಗಮನ ಕೊಡುವದು ಮಾತ್ರ ಕಡಿಮೆ. ಪಾಶ್ಚಾತ್ಯರು ಈ ಕಲೆಗೆ ಇಟ್ಟ 'ಫೋಟೋಗ್ರಫಿ' ಎಂಬ ಹೆಸರಿಗೆ ಗ್ರೀಕ್ ಮೂಲದಲ್ಲಿ 'ಬೆಳಕಿನ ಬರವಣಿಗೆ' ಎಂದರ್ಥ. ನಮ್ಮವರು ಅದನ್ನೇ 'ಛಾಯೆಯ ಚಿತ್ರ'ವೆಂದರು. ಒಬ್ಬರು ಬೆಳಕನ್ನು ಹಿಡಿದರು, ಇನ್ನೊಬ್ಬರು ನೆರಳನ್ನು ಹಿಡಿದರು. ವಿಚಾರ ಮಾಡಿದರೆ ಎರಡೂ ಸರಿಯೇ. ಬೆಳಕು ಬೀಳದೆ ಚಿತ್ರವಿಲ್ಲ. ನೆರಳು ಬೀಳದೆ ಆ ಚಿತ್ರಕ್ಕೆ ಆಕಾರವಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಈ ಸೀಮೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಹಾಗಿರುವಾಗ ಬೆಳಕು-ನೆರಳುಗಳ ಈ ವಿದ್ಯೆಯನ್ನು ನಮ್ಮ ಶಾಲೆಗಳು ಸಸ್ಯಗಳ ಅಭ್ಯಾಸಕ್ಕೆ ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಶಿಕ್ಷಕ ಬಾಂಧವರ ಮುಂದೆ ಇಡುವದೇ ಈ ಲೇಖನದ ಉದ್ದೇಶ.

ಇದಕ್ಕೊಂದು ಕಾರಣವಿದೆ. ನಮ್ಮದು ಬರಗಾಲದ ಜಿಲ್ಲೆಯೆಂದು ಪ್ರಸಿದ್ಧವಾಗಿದೆ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದ ಈ ಎರೆಭೂಮಿಯ ಮಕ್ಕಳಿಗೆ 'ನಿಮ್ಮೂರಿನಲ್ಲಿ ಯಾವ ಗಿಡಗಳಿವೆ?' ಎಂದು ಕೇಳಿದರೆ ಬೇವು, ಜಾಲಿ ಎಂದು ಎರಡು ಹೆಸರು ಹೇಳಿ ನಿಲ್ಲುತ್ತಾರೆ. ಮುಂದೆ ಕೇಳಿದರೆ 'ಇಲ್ಲಿ ಏನೂ ಇಲ್ಲರಿ' ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿರುವ ಹಸಿರು ಕಾಡು ತಮ್ಮ ಊರಿನಲ್ಲಿಲ್ಲವಾದ್ದರಿಂದ ತಮ್ಮ ಊರಿನಲ್ಲಿ ನೋಡತಕ್ಕದ್ದೇ ಇಲ್ಲವೆಂಬ ಭಾವನೆ ಅವರಲ್ಲಿ ಬೇರೂರಿದೆ. ತಾನು ಹುಟ್ಟಿದ ನೆಲ ಬರಡೆಂದು ನಂಬಿದ ಹುಡುಗನಿಗೆ ಆ ನೆಲದ ವಿಷಯವಾಗಿ ಏನು ಕಲಿಸಿದರೂ ಹತ್ತುವದಿಲ್ಲ. ಈ ನಂಬಿಕೆಯನ್ನು ಉಪದೇಶದಿಂದ ತೆಗೆಯಲಿಕ್ಕಾಗದು. ಕಣ್ಣಿಗೆ ತೋರಿಸಿಯೇ ತೆಗೆಯಬೇಕು.

ಅಮೂರ್ತವೆಂದರೇನು?

ಮೊದಲು ಶಬ್ದದ ವಿವೇಚನೆ. ಅಮೂರ್ತವೆಂದರೆ ಆಕಾರವಿಲ್ಲದ್ದು ಎಂದು ಕೋಶದ ಅರ್ಥ. ಆದರೆ ಛಾಯಾಚಿತ್ರದಲ್ಲಿ ಆಕಾರವಿಲ್ಲದ್ದು ಇರಲಾರದು. ಕ್ಯಾಮರಾದ ಮುಂದೆ ಯಾವದಾದರೊಂದು ವಸ್ತು ಇರಲೇಬೇಕು. ಹಾಗಾದರೆ ಇಲ್ಲಿ ಇಲ್ಲದಿರುವದು ಏನು? ನಮ್ಮ ಶಾಸ್ತ್ರಗಳಲ್ಲಿ 'ನಾಮ-ರೂಪ' ಎಂಬ ಜೋಡಿ ಶಬ್ದವಿದೆಯಷ್ಟೆ. ಅಮೂರ್ತ ಛಾಯಾಚಿತ್ರವು ನಾಮವನ್ನು ಬದಿಗಿಟ್ಟು ರೂಪವನ್ನಷ್ಟೇ ತೋರಿಸುತ್ತದೆ. ಚಿತ್ರ ನೋಡಿದವನು 'ಇದು ಎಲೆ' ಎಂದು ತಟ್ಟನೆ ಹೇಳಿ ಮುಂದಕ್ಕೆ ಹೋಗುವಂತಿಲ್ಲ. ಗೆರೆ, ಬಾಗು, ಚುಕ್ಕೆ, ಕಪ್ಪು-ಬಿಳುಪುಗಳ ಹೊಂದಿಕೆ ಇವನ್ನು ಮೊದಲು ನೋಡಿಯೇ ನೋಡಬೇಕಾಗುತ್ತದೆ. ಹೆಸರು ಆಮೇಲೆ ಬರುತ್ತದೆ.

ಮಸುಕಾದ ಚಿತ್ರವೆಲ್ಲ ಅಮೂರ್ತವೆಂದು ಕೆಲವರ ತಿಳುವಳಿಕೆ. ಅದು ಸರಿಯಲ್ಲ. ಒಳ್ಳೆಯ ಅಮೂರ್ತ ಚಿತ್ರಗಳಲ್ಲಿ ಬಹಳಷ್ಟು ಅತ್ಯಂತ ಸ್ಪಷ್ಟವಾದವು. ವಸ್ತುವಿನ ಸುತ್ತಲಿನ ಪರಿಸರವನ್ನು ಬಿಡುವದು, ಗಾತ್ರದ ಅಂದಾಜು ಸಿಗದಂತೆ ಹತ್ತಿರಕ್ಕೆ ಹೋಗುವದು, ಬಣ್ಣವನ್ನು ಕಳೆಯುವದು, ನೆರಳನ್ನಷ್ಟೇ ಉಳಿಸಿಕೊಳ್ಳುವದು, ಇವೇ ಅದರ ಉಪಾಯಗಳು.

ಇದು ನಮಗೆ ಪರಕೀಯವಾದ ವಿಚಾರವೂ ಅಲ್ಲ. ಅಂಗಳದ ರಂಗೋಲಿಯಲ್ಲಿ ಕಮಲವು ಚುಕ್ಕೆಗಳ ಲೆಕ್ಕಕ್ಕೆ ಒಳಪಟ್ಟ ಗೆರೆಯಾಗುತ್ತದೆ. ಸೊಲ್ಲಾಪುರದ ಚಾದರದ ಹೂವನ್ನು ನೋಡಿರಿ. ಅದರ ಅಂಚು ದುಂಡಗಿರುವದಿಲ್ಲ, ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಜಕಾರ್ಡ್ ಮಗ್ಗಕ್ಕೆ ನಕ್ಷೆ ತಯಾರಿಸುವವನು ಮೊದಲು ಗ್ರಾಫ್ ಕಾಗದದ ಮೇಲೆ ಹೂವನ್ನು ಚೌಕ ಚೌಕವಾಗಿ ತುಂಬುತ್ತಾನೆ. ಹಾಸು ಮತ್ತು ಹೊಕ್ಕು ಎಳೆಗಳು ಕೂಡುವ ರೀತಿಯನ್ನು ಒಂದೊಂದು ಚೌಕವೂ ಸೂಚಿಸುತ್ತದೆ. ಅದಕ್ಕೆ ತಕ್ಕಂತೆ ಕಾರ್ಡುಗಳಲ್ಲಿ ತೂತು ಹೊಡೆಯುತ್ತಾರೆ; ಯಾವ ಎಳೆ ಮೇಲೇಳಬೇಕು, ಯಾವದು ಕೆಳಗೇ ಉಳಿಯಬೇಕು ಎಂಬುದನ್ನು ಆ ತೂತುಗಳು ನಿರ್ಧರಿಸುತ್ತವೆ. ಗಿಡದ ಹೂವು ಮಗ್ಗದ ಹೂವಾಗುವಾಗ ಬೇಡವಾದದ್ದನ್ನೆಲ್ಲ ಕಳೆದುಕೊಂಡು ಬೇಕಾದ ರೂಪವನ್ನಷ್ಟೇ ಉಳಿಸಿಕೊಳ್ಳುತ್ತದೆ. ಇಂದಿನ ಮೊಬೈಲ್ ಕ್ಯಾಮರಾ ಕೂಡ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿಯೇ ಬರೆದಿಡುತ್ತದೆಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ನಮ್ಮ ಊರಿನಲ್ಲಿ ದೊರೆಯದು.

ಸಸ್ಯ ಮತ್ತು ಛಾಯಾಚಿತ್ರ: ಹಿಂದಿನ ಇತಿಹಾಸ

ಛಾಯಾಚಿತ್ರ ಕಲೆಗೆ ಹುಟ್ಟಿದಂದಿನಿಂದಲೂ ಸಸ್ಯಗಳ ಸಂಗಡ ನಂಟಿದೆ. ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬವನು ೧೮೩೪ರಿಂದ ಪ್ರಯೋಗ ನಡೆಸಿ ೧೮೩೯ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಉಪ್ಪು ಮತ್ತು ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಎಲೆಯನ್ನೋ ಹೂವನ್ನೋ ಇಟ್ಟು ಬಿಸಿಲಿಗೆ ಒಡ್ಡಿದರೆ ಬಿಸಿಲು ಬಿದ್ದಲ್ಲಿ ಕಾಗದ ಕಪ್ಪಾಗಿ ಎಲೆ ಮುಚ್ಚಿದ ಭಾಗ ಬಿಳಿಯಾಗಿ ಉಳಿಯುತ್ತಿತ್ತು. ಇದರಲ್ಲಿ ಕ್ಯಾಮರಾದ ಕೆಲಸವೇ ಇರಲಿಲ್ಲ.

೧೮೪೨ರಲ್ಲಿ ಖಗೋಲಶಾಸ್ತ್ರಜ್ಞ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ತೆಗೆಯುವ ಸಯನೋಟೈಪ್ ವಿಧಾನವನ್ನು ಕಂಡುಹಿಡಿದನು. ಮುಂದೆ ಇಂಜಿನಿಯರರು ಕಟ್ಟಡದ ನಕ್ಷೆಗಳಿಗೆ ಬಳಸಿದ್ದು ಇದನ್ನೇ. 'ನೀಲಿನಕ್ಷೆ' ಎಂದು ನಾವು ಇಂದಿಗೂ ಹೇಳುವ ಮಾತು ಅಲ್ಲಿಂದ ಬಂದದ್ದು. ಆನಾ ಆಟ್ಕಿನ್ಸ್ ಎಂಬ ಮಹಿಳೆ ೧೮೪೩ರಿಂದ ಹತ್ತು ವರುಷ ಇದೇ ವಿಧಾನದಿಂದ ಬ್ರಿಟನ್ನಿನ ಪಾಚಿಗಳ ಚಿತ್ರಗಳನ್ನು ಕಂತು ಕಂತಾಗಿ ಹೊರತಂದಳು. ಛಾಯಾಚಿತ್ರಗಳಿಂದ ಕೂಡಿದ ಮೊದಲನೆಯ ಗ್ರಂಥವೆಂದು ಅದನ್ನು ಎಣಿಸುತ್ತಾರೆ. ಅವಳ ಉದ್ದೇಶ ಕೇವಲ ಶಾಸ್ತ್ರೀಯವಾಗಿತ್ತು. ಕೈಯಿಂದ ಬರೆಯಲು ಕಷ್ಟವಾದ ಸೂಕ್ಷ್ಮ ಪಾಚಿಗಳ ರೂಪವನ್ನು ನಿಖರವಾಗಿ ಕೊಡಬೇಕೆಂಬುದಷ್ಟೇ. ಆದರೂ ಆ ನೀಲಿಯ ಮೇಲಿನ ಬಿಳಿಯ ರೂಪಗಳನ್ನು ಇಂದು ಕಲಾಕೃತಿಗಳೆಂದು ಜನ ನೋಡುತ್ತಾರೆ.

ಶಿಕ್ಷಕರಾದ ನಮಗೆ ಇವರೆಲ್ಲರಿಗಿಂತ ಹತ್ತಿರದವನು ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. ೧೮೬೫ರಲ್ಲಿ ಹುಟ್ಟಿ ೧೯೩೨ರಲ್ಲಿ ತೀರಿಕೊಂಡ ಈತನು ಮೊದಲು ಕಬ್ಬಿಣದ ಎರಕದ ಕೆಲಸ ಕಲಿತವನು. ಮುಂದೆ ಬರ್ಲಿನ್ನಿನ ಕಲಾಕುಶಲ ಶಾಲೆಯಲ್ಲಿ ಸುಮಾರು ಮೂವತ್ತು ವರುಷ ಅಧ್ಯಾಪಕನಾಗಿದ್ದನು. ಜೀವಂತ ಸಸ್ಯಗಳನ್ನು ನೋಡಿ ನಕ್ಷೆ ರಚಿಸುವದನ್ನು ಕಲಿಸುವದು ಅವನ ಪಾಠದ ವಿಷಯ. ಸಸ್ಯಗಳು ಬಾಡಿಹೋಗುತ್ತವೆ, ಸೂಕ್ಷ್ಮ ಭಾಗಗಳು ಹಿಂದಿನ ಸಾಲಿನ ವಿದ್ಯಾರ್ಥಿಗೆ ಕಾಣುವದಿಲ್ಲ. ಆದ್ದರಿಂದ ತಾನೇ ಮಾಡಿಕೊಂಡ ಕ್ಯಾಮರಾದಿಂದ ಮೊಗ್ಗು, ಬಳ್ಳಿಯ ಕುಡಿ, ಬೀಜಕೋಶಗಳನ್ನು ಅನೇಕ ಪಟ್ಟು ಹಿಗ್ಗಿಸಿ ಚಿತ್ರ ತೆಗೆದು ತರಗತಿಯಲ್ಲಿ ತೋರಿಸುತ್ತಿದ್ದನು. ಹಿಂದೆ ಒಂದೇ ಬಣ್ಣದ ಹಲಗೆ, ಮೇಲೆ ಸೌಮ್ಯವಾದ ಬೆಳಕು, ನಡುವೆ ಒಂದು ಕುಡಿ, ಇಷ್ಟೇ. ಆದರೆ ಜರಿಗಿಡದ ಸುರುಳಿ ಕಬ್ಬಿಣದ ಕಟಾಂಜನದ ಹಾಗೆ, ಕುದುರೆಬಾಲದ ಗಿಡದ ತುದಿ ಗೋಪುರದ ಹಾಗೆ ಕಾಣಿಸುವವು. ಅವನ ೧೨೦ ಚಿತ್ರಗಳ ಗ್ರಂಥವು ೧೯೨೮ರಲ್ಲಿ ಪ್ರಕಟವಾದಾಗ ಈ ವಯಸ್ಸಾದ ಮಾಸ್ತರನ ಹೆಸರು ದೇಶ ದೇಶಗಳಿಗೆ ಹಬ್ಬಿತು. ಅಮೂರ್ತ ಚಿತ್ರಕಾರನೆಂಬ ಕೀರ್ತಿಯನ್ನು ಅವನು ಬಯಸಿರಲಿಲ್ಲ. ಪಾಠೋಪಕರಣಗಳೇ ಕಲೆಯಾದವು.

ಅಮೆರಿಕದ ಇಮೊಜೆನ್ ಕನಿಂಗ್‌ಹ್ಯಾಮ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಸಸ್ಯಶಾಸ್ತ್ರ ವಿಭಾಗಕ್ಕೆ ಸಸ್ಯಗಳ ಚಿತ್ರ ತೆಗೆದುಕೊಟ್ಟು ತನ್ನ ಓದಿನ ಖರ್ಚು ನಿಭಾಯಿಸಿದಳು. ಮುಂದೆ ಚಿಕ್ಕ ಮಕ್ಕಳಿದ್ದು ಮನೆ ಬಿಟ್ಟು ಹೋಗಲಾಗದ ಕಾಲದಲ್ಲಿ ಹಿತ್ತಲಿನ ಗಿಡಗಳನ್ನೇ ಚಿತ್ರಿಸಿದಳು. ೧೯೨೫ರ ಮ್ಯಾಗ್ನೋಲಿಯ ಹೂವಿನ ಚಿತ್ರ ಪ್ರಸಿದ್ಧವಾದದ್ದು. ನಮ್ಮ ಹೊಲದ ಬದುಗಳಲ್ಲಿರುವ ಕತ್ತಾಳೆಯ ಜಾತಿಯ ಗಿಡವೂ ಅವಳ ಚಿತ್ರಗಳಲ್ಲಿದೆ. ಎಡ್ವರ್ಡ್ ವೆಸ್ಟನ್ನನು ೧೯೩೦ರಲ್ಲಿ ಒಂದು ದೊಣ್ಣ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ತೆಗೆದ ಚಿತ್ರವು ಮಲ್ಲನ ಮೈಕಟ್ಟಿನಂತೆ ತೋರುತ್ತದೆ. ೧೯೩೧ರ ಕೋಬೀಜದ ಎಲೆಯ ಚಿತ್ರವು ಇಳಿಬಿಟ್ಟ ವಸ್ತ್ರದ ನೆರಿಗೆಯಂತಿದೆ. ಇವರಾರೂ ಅಪೂರ್ವ ಸಸ್ಯಗಳನ್ನು ಹುಡುಕಿ ಹೋಗಲಿಲ್ಲ. ಹಿತ್ತಲು, ಅಡಿಗೆಮನೆ, ರಸ್ತೆಯ ಬದಿ ಇವೇ ಅವರಿಗೆ ಸಾಕಾದವು.

ನಮ್ಮ ನಾಡಿನಲ್ಲಿ ಸಸ್ಯವನ್ನು ಚಿತ್ರದ ಮೂಲಕ ಅರಿಯುವ ಸಂಪ್ರದಾಯ ಹಿಂದಿನಿಂದ ಇದೆ. ೧೮೪೦ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ದೇಶೀಯ ಚಿತ್ರಗಾರನಿಂದ ಅಲ್ಲಿನ ಸಸ್ಯಗಳನ್ನು ಬರೆಯಿಸಿದನು. ಆ ಚಿತ್ರಗಳು ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. 'ಹಸುರು ಹೊನ್ನು' ಗ್ರಂಥಕ್ಕೆ ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಡಾ. ಬಿ. ಜಿ. ಎಲ್. ಸ್ವಾಮಿಯವರು ತಮ್ಮ ಬರವಣಿಗೆಗೆ ತಾವೇ ಚಿತ್ರ ಬರೆದುಕೊಂಡವರು. ಗೆರೆಯಿಂದ ಬರೆಯುವಾಗ ಯಾವದನ್ನು ಬಿಡಬೇಕೆಂಬ ವಿವೇಕ ಎಷ್ಟು ಅವಶ್ಯವೋ ಕ್ಯಾಮರಾದಲ್ಲಿಯೂ ಅಷ್ಟೇ ಅವಶ್ಯ.

ನಮ್ಮ ಸೀಮೆಯಲ್ಲಿ ನೋಡತಕ್ಕ ಸಸ್ಯಗಳು

ಇನ್ನು ನಮ್ಮ ಹೊಲಗಳಿಗೆ ಬರೋಣ. ಹಿಂಗಾರಿ ಜೋಳ ನಮ್ಮ ಮುಖ್ಯ ಬೆಳೆ. ಎಳ್ಳಮವಾಸ್ಯೆಯ ಸುಮಾರಿಗೆ ಜೋಳದ ಹಸಿ ದಂಟನ್ನು ಹರಿತವಾದ ಬ್ಲೇಡಿನಿಂದ ಅಡ್ಡಲಾಗಿ ತೆಳ್ಳಗೆ ಕೊಯ್ದು ಬಿಸಿಲಿಗೆ ಹಿಡಿದು ನೋಡಿರಿ. ತಿಳಿಯಾದ ಬೆಂಡಿನ ತುಂಬ ಚುಕ್ಕೆಗಳು ಚದರಿರುತ್ತವೆ. ಅಂಚಿನ ಕಡೆಗೆ ಒತ್ತಾಗಿ, ನಡುವೆ ವಿರಳವಾಗಿ. ನೀರು ಮತ್ತು ಆಹಾರ ಸಾಗಿಸುವ ನಾಳಗಳ ಕಟ್ಟುಗಳು ಅವು. ಚಿತ್ರ ತೆಗೆದರೆ ನಕ್ಷತ್ರ ತುಂಬಿದ ಆಕಾಶವೆನ್ನಬೇಕು. ಬಳಿಯಲ್ಲಿಯೇ ತೊಗರಿಯ ಎಳೆಯ ಕಾಂಡವನ್ನು ಹಾಗೆಯೇ ಕೊಯ್ದು ನೋಡಿದರೆ ನಾಳಗಳು ಚದರದೆ ಬಳೆಯಂತೆ ಸುತ್ತುಗಟ್ಟಿರುತ್ತವೆ. ಏಕದಳ, ದ್ವಿದಳಗಳ ಭೇದವನ್ನು ಬಾಯಿಪಾಠ ಮಾಡಿಸುವ ಬದಲು ಈ ಎರಡು ಚಿತ್ರಗಳನ್ನು ಹೆಸರಿಲ್ಲದೆ ಗೋಡೆಗೆ ಹಚ್ಚಿ, 'ಇವುಗಳಲ್ಲಿ ಭೇದವೇನು?' ಎಂದು ಕೇಳಿದರೆ ಸಾಕು.

ಶನಿವಾರ ಮಾರುತಿಗೆ ಏರಿಸುವ ಎಕ್ಕೆಯ ಹೂವನ್ನು ಎಲ್ಲರೂ ಬಲ್ಲೆವು. ಅದರ ನಡುವಿನ ಕಿರೀಟವನ್ನು ಮೇಲಿನಿಂದ ಹತ್ತಿರವಾಗಿ ಚಿತ್ರಿಸಿದರೆ ಐದು ಮೂಲೆಗಳ ಒಂದು ಕಟ್ಟಡದ ತಳವಿನ್ಯಾಸವೇ ಕಾಣುತ್ತದೆ. ಅದರ ಕಾಯಿ ಒಡೆದಾಗ ಬೀಜಗಳು ರೇಷ್ಮೆಯ ಎಳೆಗಳೊಡನೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊಂದಿಕೊಂಡಿರುತ್ತವೆ. ಸೂರ್ಯಕಾಂತಿಯ ತೆನೆಯಲ್ಲಿ ಬೀಜಗಳು ಎಡಕ್ಕೂ ಬಲಕ್ಕೂ ಸುರುಳಿಯಾಗಿ ಸಾಗಿರುತ್ತವೆ. ಸುರುಳಿಗಳನ್ನು ಎಣಿಸಿದರೆ ಬಹುಮಟ್ಟಿಗೆ ಒಂದು ದಿಕ್ಕಿಗೆ ೩೪, ಇನ್ನೊಂದು ದಿಕ್ಕಿಗೆ ೫೫, ಅಥವಾ ದೊಡ್ಡ ತೆನೆಯಲ್ಲಿ ೫೫ ಮತ್ತು ೮೯ ಬರುತ್ತವೆ. ಹಿಂದಿನ ಎರಡು ಸಂಖ್ಯೆಗಳ ಮೊತ್ತವೇ ಮುಂದಿನ ಸಂಖ್ಯೆಯಾಗುವ ಶ್ರೇಣಿಯಲ್ಲಿ ಇವು ಬರುತ್ತವೆ. ಗಣಿತದ ಶಿಕ್ಷಕರಿಗೂ ಇಲ್ಲಿ ಕೆಲಸವಿದೆ. ೨೦೦೫ರಿಂದ ದಾಳಿಂಬೆಯ ರಾಷ್ಟ್ರೀಯ ಸಂಶೋಧನ ಕೇಂದ್ರವು ಸೊಲ್ಲಾಪುರದಲ್ಲಿದೆ. ಆ ಹಣ್ಣನ್ನು ಅಡ್ಡಲಾಗಿಯೂ ಉದ್ದಕ್ಕೂ ಕೊಯ್ದರೆ ದೊರೆಯುವ ಎರಡು ಬೇರೆ ನಕ್ಷೆಗಳನ್ನು ಎಷ್ಟು ಮಕ್ಕಳು ನೋಡಿದ್ದಾರೆ?

ಕತ್ತಾಳೆಯದು ಇನ್ನೂ ವಿಶೇಷ. ಅದರ ಎಳೆಯ ಎಲೆಗಳು ಮೊಳಕೆಯಲ್ಲಿ ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡು ಬೆಳೆಯುತ್ತವೆ. ಎಲೆ ಬಿಚ್ಚಿಕೊಂಡ ಮೇಲೂ ಪಕ್ಕದ ಎಲೆಯ ಅಂಚಿನ ಗುರುತು ಅದರ ಮೈಮೇಲೆ ಅಚ್ಚಾಗಿ ಉಳಿದಿರುತ್ತದೆ. ಮುಳ್ಳಂಚಿನ ಜಾತಿಯಲ್ಲಿ ಹಲ್ಲು ಹಲ್ಲಾಗಿ ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಮರಾ ಹುಟ್ಟುವದಕ್ಕಿಂತ ಎಷ್ಟೋ ಮೊದಲೇ ಒಂದು ಎಲೆ ಇನ್ನೊಂದರ ಚಿತ್ರವನ್ನು ತೆಗೆಯುತ್ತಿತ್ತೆಂದು ಹೇಳಬಹುದು.

ಮಾಳಢೋಕ ಹಕ್ಕಿಗಾಗಿ ೧೯೭೯ರಲ್ಲಿ ರಕ್ಷಿತವಾದ ನಾನ್ನಜದ ಮಾಳಭೂಮಿಯನ್ನು ನೋಡಿದವರು 'ಬರೀ ಹುಲ್ಲು' ಎನ್ನುವದುಂಟು. ಅಂಥ ಮಾಳಗಳಲ್ಲಿ ನಡೆದಾಡಿದಾಗ ಧೋತರಕ್ಕೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜಗಳಿವೆಯಲ್ಲ, ಅವುಗಳನ್ನು ಬಿಸಾಡಬೇಡಿರಿ. ಒಂದು ಜಾತಿಯ ಬೀಜಕ್ಕೆ ಮೂರು ಕವಲಿನ ಮೀಸೆಯಿದೆ. ಇನ್ನೊಂದರ ಮೀಸೆ ಹುರಿಯಂತೆ ತಿರುಚಿಕೊಂಡಿರುತ್ತದೆ. ಒದ್ದೆಯಾದಾಗ ಬಿಚ್ಚಿಕೊಳ್ಳುತ್ತ, ಒಣಗಿದಾಗ ಮತ್ತೆ ತಿರುಚಿಕೊಳ್ಳುತ್ತ ಬೀಜವನ್ನು ತಾನಾಗಿ ಮಣ್ಣಿನೊಳಕ್ಕೆ ಕೊರೆಯುತ್ತದೆ. ಅದನ್ನು ಬಿಳಿಯ ಕಾಗದದ ಮೇಲಿಟ್ಟು ಒಂದು ಹನಿ ನೀರು ಹಾಕಿ, ತುಸು ಹೊತ್ತಿಗೊಂದರಂತೆ ಚಿತ್ರ ತೆಗೆದರೆ ಗೆರೆಗಳ ಒಂದು ಕುಣಿತವೇ ದೊರೆಯುತ್ತದೆ. 'ಬರೀ ಹುಲ್ಲು' ಎಂಬ ಮಾತು ಆ ಬಳಿಕ ಹುಡುಗನ ಬಾಯಿಂದ ಬರುವದಿಲ್ಲ.

ಕ್ಯಾಮರಾ ಇಲ್ಲದೆ: ಅರಿಷಿಣದ ಚಿತ್ರ

ಹಣವಿಲ್ಲದ ಶಾಲೆಯೂ ಮಾಡಬಹುದಾದ ಪ್ರಯೋಗವಿದು. ಸಸ್ಯಗಳ ಬಣ್ಣಗಳು ಬಿಸಿಲಿಗೆ ಮಾಸುವದನ್ನು ಉಪಯೋಗಿಸಿ ಚಿತ್ರ ಮಾಡುವದನ್ನು ೧೮೪೨ರಲ್ಲಿ ಅದೇ ಹರ್ಷೆಲ್ ಪ್ರಕಟಿಸಿದ್ದನು. ನಮ್ಮಲ್ಲಿ ಅದಕ್ಕೆ ಅರಿಷಿಣವು ಅತ್ಯಂತ ಅನುಕೂಲ.

ಅರಿಷಿಣ ಪುಡಿಯನ್ನು ಔಷಧದ ಅಂಗಡಿಯ ಸ್ಪಿರಿಟ್ಟಿನಲ್ಲಿ ಕಲಸಿ ತೆಳು ಬಟ್ಟೆಯಲ್ಲಿ ಸೋಸಬೇಕು. ಸ್ಪಿರಿಟ್ಟಿಗೆ ಬೇಗ ಬೆಂಕಿ ಹತ್ತುವದರಿಂದ ದೀಪ, ಒಲೆಗಳ ಹತ್ತಿರ ಈ ಕೆಲಸ ಮಾಡಬಾರದು. ದಪ್ಪ ಚಿತ್ರಕಲಾ ಕಾಗದಕ್ಕೆ ಇದನ್ನು ಕುಂಚದಿಂದ ಎರಡು ಸಲ ಸವರಿ ಕತ್ತಲೆಯ ಕೋಣೆಯಲ್ಲಿ ಒಣಗಿಸಬೇಕು. ಪುಸ್ತಕದಲ್ಲಿಟ್ಟು ಚಪ್ಪಟೆ ಮಾಡಿದ ಎಲೆಯನ್ನು ಅದರ ಮೇಲಿರಿಸಿ, ಮೇಲೊಂದು ಗಾಜು ಒತ್ತಿ, ಬಿಸಿಲಿನಲ್ಲಿಡಬೇಕು. ಕೆಲವು ತಾಸುಗಳಲ್ಲಿ ಬಿಸಿಲು ತಾಗಿದ ಭಾಗದ ಹಳದಿ ಪೇಲವವಾಗುತ್ತದೆ. ಎಲೆಯ ಕೆಳಗಿನ ಹಳದಿ ಹಾಗೆಯೇ ಉಳಿಯುತ್ತದೆ. ಅನಂತರ ಬಿಳಿಗಾರವನ್ನಾಗಲಿ ತಿನ್ನುವ ಸೋಡಾವನ್ನಾಗಲಿ ಕರಗಿಸಿದ ನೀರನ್ನು ಅದರ ಮೇಲೆ ಹಾಯಿಸಿದರೆ ಉಳಿದ ಹಳದಿಯು ಕೆಂಗಂದು ಬಣ್ಣಕ್ಕೆ ತಿರುಗಿ ಎಲೆಯ ರೂಪ ಎದ್ದು ಕಾಣುತ್ತದೆ. ಅರಿಷಿಣಕ್ಕೆ ಸುಣ್ಣ ಸೇರಿಸಿ ಆರತಿಯ ಕೆಂಪು ನೀರು ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಈ ರಸಾಯನಕ್ರಿಯೆ ಹೊಸದಲ್ಲ. ಕ್ಷಾರವು ತಗುಲಿದರೆ ಅರಿಷಿಣ ಕೆಂಪಾಗುತ್ತದೆಂಬ ಪಾಠ ಅವರ ಅಡಿಗೆಮನೆಯಲ್ಲಿಯೇ ಇದೆ. ಈ ಚಿತ್ರ ಬೆಳಕಿನಲ್ಲಿ ಬಹುಕಾಲ ಉಳಿಯದು, ಪುಸ್ತಕದೊಳಗೆ ಮುಚ್ಚಿಡಬೇಕು.

ಪ್ರಯೋಗಶಾಲೆಯುಳ್ಳ ಹೈಸ್ಕೂಲುಗಳು ನೀಲಿ ಚಿತ್ರವನ್ನೂ ಮಾಡಬಹುದು. ಫೆರಿಕ್ ಅಮೋನಿಯಮ್ ಸಿಟ್ರೇಟ್ ೨೫ ಗ್ರಾಂ, ಪೊಟ್ಯಾಸಿಯಮ್ ಫೆರಿಸಯನೈಡ್ ೧೦ ಗ್ರಾಂ, ಇವನ್ನು ಬೇರೆ ಬೇರೆಯಾಗಿ ನೂರು ನೂರು ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಬೇಕಾದಾಗ ಸಮಪಾಲು ಕೂಡಿಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಸವರಿ ಒಣಗಿಸುವದು. ಬಿಸಿಲು ತೋರಿಸಿದ ಮೇಲೆ ಬರಿಯ ನೀರಿನಲ್ಲಿ ತೊಳೆದರೆ ಚಿತ್ರ ನಿಲ್ಲುತ್ತದೆ. ಎರಡನೆಯ ಲವಣವನ್ನು ಕಾಯಿಸಕೂಡದು, ಪ್ರಬಲ ಆಮ್ಲದ ಸಂಗಡ ಸೇರಿಸಕೂಡದು. ವಿಷವಾಯು ಹೊರಡುವ ಸಂಭವವಿದೆ. ಈ ಕೆಲಸ ವಿಜ್ಞಾನ ಶಿಕ್ಷಕರ ಎದುರಿಗೇ ನಡೆಯಬೇಕು.

ಕ್ಯಾಮರಾದಿಂದ

ಕ್ಯಾಮರಾ ಇದ್ದವರು ತಿಳಿಯಬೇಕಾದ ತತ್ವ ಸರಳವಾದದ್ದು. ವಸ್ತುವಿನಷ್ಟೇ ದೊಡ್ಡ ಪ್ರತಿಬಿಂಬ ಬೇಕಾದರೆ ಮಸೂರವು ಚಿತ್ರಫಲಕದಿಂದ ತನ್ನ ನಾಭಿದೂರದ ಎರಡರಷ್ಟು ದೂರ ಇರಬೇಕು. ಆಗ ಫಲಕಕ್ಕೆ ಬರುವ ಬೆಳಕು ಕಾಲುಭಾಗಕ್ಕೆ ಇಳಿಯುವದರಿಂದ ನಾಲ್ಕು ಪಟ್ಟು ಹೊತ್ತು ಬೆಳಕು ಕೊಡಬೇಕು. ಮೊಬೈಲ್ ಫೋನಿನ ಮುಂದೆ ಪ್ರಯೋಗಶಾಲೆಯ ಭೂತಗನ್ನಡಿಯನ್ನು ಹಿಡಿದರೂ ಸಾಕಷ್ಟು ಕೆಲಸವಾಗುತ್ತದೆ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಬಹಳ ಕಡಿಮೆ. ಗಾಳಿಯ ಸಣ್ಣ ಅಲುಗಾಟವೂ ಚಿತ್ರವನ್ನು ಕೆಡಿಸುತ್ತದೆ. ಆದುದರಿಂದ ಗಾಳಿ ಏಳುವ ಮೊದಲು ಮುಂಜಾನೆ ಕೆಲಸ ಮಾಡುವದು ಲೇಸು. ನಮ್ಮ ನಡುಹಗಲಿನ ಬಿಸಿಲು ಕಠೋರವಾದದ್ದು. ತೆಳುವಾದ ಬಿಳಿ ಬಟ್ಟೆಯನ್ನು ಅಡ್ಡ ಹಿಡಿದರೆ ಸೌಮ್ಯವಾಗುತ್ತದೆ. ಹಿನ್ನೆಲೆಗೆ ಮಕ್ಕಳ ಕರಿಯ ಪಾಟಿಗಿಂತ ಒಳ್ಳೆಯದು ಬೇಕಿಲ್ಲ. ಎಲೆಯ ನರಗಳು ಬೇಕಾದರೆ ಬೆಳಕು ಹಿಂದಿನಿಂದ ಬರಲಿ; ಜಾಲಿಯ ತೊಗಟೆಯ ಬಿರುಕುಗಳು ಬೇಕಾದರೆ ಪಕ್ಕದಿಂದ, ಓರೆಯಾಗಿ ಬರಲಿ.

ಎರಡು ಆಕ್ಷೇಪಗಳು

'ಪರೀಕ್ಷೆಯ ಕಾಲದಲ್ಲಿ ಇದೆಲ್ಲ ಏತಕ್ಕೆ?' ಎಂದು ಕೇಳುವವರಿದ್ದಾರೆ. ಜೋಳದ ದಂಟಿನ ಮಾತು ಅವರಿಗೆ ಉತ್ತರವಾಗಬೇಕು. ಹುಡುಗನು ಸಾಮಾನ್ಯವಾಗಿ ತನಗೆ ಗೊತ್ತಿದ್ದದ್ದನ್ನು ಬರೆಯುತ್ತಾನೆಯೇ ಹೊರತು ಕಂಡದ್ದನ್ನಲ್ಲ. ಎಲೆ ಬರೆ ಎಂದರೆ ಬೇವಿನ ಗಿಡದ ಕೆಳಗೆ ಕೂತುಕೊಂಡೇ ಅರಳಿ ಎಲೆಯನ್ನು ಬರೆಯುತ್ತಾನೆ. ಹೆಸರು ಮರೆಯಾದ ಚಿತ್ರವು ಅವನನ್ನು ಕಾಣುವದಕ್ಕೆ ಒತ್ತಾಯಿಸುತ್ತದೆ. ವಿಜ್ಞಾನಕ್ಕೆ ಮೊದಲ ಮೆಟ್ಟಿಲು ಅದೇ.

ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು. ಹೆಸರನ್ನೂ ಗಾತ್ರವನ್ನೂ ಕಳೆದುಕೊಂಡ ಚಿತ್ರ ಜ್ಞಾನವನ್ನು ಕೊಡುವದೋ, ಭ್ರಮೆಯನ್ನು ಕೊಡುವದೋ? ರೂಪದ ಬೆಡಗಿಗೆ ಮರುಳಾಗಿ ಗಿಡವನ್ನೇ ಮರೆತರೆ ಈ ಶ್ರಮವೆಲ್ಲ ವ್ಯರ್ಥವೆಂಬುದು ನಿಜ. ಆದ್ದರಿಂದ ಒಂದು ನಿಯಮ ಬೇಕು. ಚಿತ್ರದ ಮುಂಭಾಗದಲ್ಲಿ ಹೆಸರಿರಬಾರದು. ಹಿಂಭಾಗದಲ್ಲಿ ಎಲ್ಲವೂ ಇರಬೇಕು. ಯಾವ ಊರು, ಯಾವ ದಿನ, ಸಸ್ಯದ ಯಾವ ಭಾಗ, ಎಷ್ಟು ಪಟ್ಟು ಹಿಗ್ಗಿಸಿದ್ದು ಎಂಬುದನ್ನೆಲ್ಲ ಬರೆಯತಕ್ಕದ್ದು. ಗಾತ್ರ ತಿಳಿಯಲು ಅಳತೆಪಟ್ಟಿಯೊಡನೆ ಇನ್ನೊಂದು ಚಿತ್ರ ತೆಗೆದಿಡತಕ್ಕದ್ದು.

ಹೆಸರಿನ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ಭಾಗ್ಯವಿದೆ. ಕನ್ನಡದ ಎಕ್ಕೆ ಮರಾಠಿಯಲ್ಲಿ ರುಈ, ತೆಲುಗಿನಲ್ಲಿ ಜಿಲ್ಲೇಡು. ಬೇವು ಅಲ್ಲಿ ಕಡುನಿಂಬ, ಇಲ್ಲಿ ವೇಪ. ತೊಗರಿ ಒಬ್ಬರಿಗೆ ತೂರ, ಇನ್ನೊಬ್ಬರಿಗೆ ಕಂದಿ. ಒಂದೇ ಓಣಿಯಲ್ಲಿ ಈ ಮೂರೂ ನುಡಿಗಳು ಕೇಳಿಬರುತ್ತವೆ. ಚಿತ್ರ ತೆಗೆದ ಹುಡುಗನು ಅದನ್ನು ಮನೆಗೆ ಒಯ್ದು ಅಜ್ಜಿಗೆ ತೋರಿಸಿ ಕೇಳಲಿ. ಅವಳು ಚಿತ್ರದಲ್ಲಿ ಗಿಡವನ್ನು ಗುರುತಿಸುವದಕ್ಕಿಲ್ಲ. ಗಿಡವನ್ನೇ ತಂದು ತೋರಿಸಿದಾಗ ಹೆಸರು, ಔಷಧಿ, ಗಾದೆ, ದನ ತಿನ್ನುವದೋ ಬಿಡುವದೋ ಎಂಬುದೆಲ್ಲ ಒಮ್ಮೆಲೆ ಹೊರಬೀಳುತ್ತದೆ. ದೊಡ್ಡ ಗಿಡಗಳ ಹೆಸರು ಪುಸ್ತಕಗಳಲ್ಲಿವೆ. ಮಾಳದ ಸಣ್ಣ ಹುಲ್ಲು, ಬದುವಿನ ಬಳ್ಳಿ, ಕಸವೆಂದು ಕಿತ್ತೊಗೆಯುವ ಗಿಡ ಇವುಗಳ ಊರ ಹೆಸರುಗಳು ಮುದುಕರ ಬಾಯಲ್ಲಷ್ಟೇ ಇವೆ. ಅವರೊಡನೆ ಅವೂ ಹೋಗುತ್ತವೆ. ಹೆಸರನ್ನು ಮರೆಮಾಡುವ ಚಿತ್ರದಿಂದಲೇ ಹೆಸರನ್ನು ಉಳಿಸುವ ಕೆಲಸ ಹೀಗೆ ಆಗಬಲ್ಲುದು.

ಪ್ರತಿಯೊಂದು ಶಾಲೆಯೂ ವರುಷಕ್ಕೆ ತನ್ನ ಊರಿನ ಹನ್ನೆರಡು ಸಸ್ಯಗಳನ್ನು, ತಿಂಗಳಿಗೊಂದರಂತೆ, ಹೀಗೆ ಚಿತ್ರಿಸಿ ಹಿಂಬದಿಯಲ್ಲಿ ಹೆಸರುಗಳನ್ನು ಬರೆದಿಟ್ಟರೆ ಕೆಲವೇ ವರುಷಗಳಲ್ಲಿ ಈ ತಾಲೂಕುಗಳ ಸಸ್ಯಗಳ ಒಂದು ಸಂಗ್ರಹವಾದೀತು. ಅದಕ್ಕೆ ಬೇಕಾದ ಸಾಮಗ್ರಿ ಒಂದು ಪಾಟಿ, ಒಂದು ಭೂತಗನ್ನಡಿ, ಒಂದಿಷ್ಟು ಅರಿಷಿಣ. ಬಿಸಿಲು ಹೇಗೂ ಇದ್ದೇ ಇದೆ. ಬರುವ ಹಿಂಗಾರಿಯಲ್ಲಿ ಜೋಳದ ದಂಟು ಹಸಿಯಾಗಿರುವಾಗಲೇ ಶಿಕ್ಷಕ ಬಾಂಧವರು ಆರಂಭಿಸುವದು ಒಳ್ಳೆಯದು. ದಂಟು ಒಣಗಿದರೆ ಆ ಚುಕ್ಕೆಗಳು ಅಷ್ಟು ಸ್ಪಷ್ಟವಾಗಿ ಕಾಣುವದಿಲ್ಲ.